ತಾಳ ಹಾಕುವ ಪೆಟ್ಟಿಗೆ

ಕಣ್ಣಿಗೆ ಕಾಣುವ ಕೆಲಸ ಮಾಡದ ಯಂತ್ರವನ್ನು ಜನ ನಂಬುವುದಿಲ್ಲ. ಹಾಗಾಗಿ ನಮ್ಮಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹೈದರಾಬಾದಿನ ನಮ್ಮ ತೆಲುಗು ಚಾನೆಲ್ಲಿನಲ್ಲಿ ಒಂದು ಪೆಟ್ಟಿಗೆ ಇದೆ. ಅದರಿಂದ ಚಿತ್ರವೂ ಬರುವುದಿಲ್ಲ, ದನಿಯೂ ಬರುವುದಿಲ್ಲ. ಸ್ಟುಡಿಯೋದ ಕ್ಯಾಮೆರಾಗಳೆಲ್ಲ ಒಂದೇ ಲಯದಲ್ಲಿ ನಡೆಯುವಂತೆ ಅದು ತಾಳ ಹಾಕುತ್ತದೆ, ಅಷ್ಟೇ. ಅದರ ಹೊಣೆ ನಮ್ಮ ಚೀಫ್ ಇಂಜಿನಿಯರ್ ಮೇಡಂ ಅವರದು. ರಾಯಚೂರಿನವರು, ಇಲ್ಲೇ ತಾರ್ನಾಕದಲ್ಲಿ ಮನೆ. ನಾನು ಅವರ ಕೈಕೆಳಗೆ ಇದ್ದೇನೆ.

೧. ತಲೆ

ಚಾನೆಲ್ ಕೊಂಡ ಹೊಸ ಮಾಲೀಕರು ಮೊದಲ ದಿನವೇ ಪೆಟ್ಟಿಗೆಯ ಮುಂದೆ ನಿಂತರು.

"ಇದು ಏನು ಮಾಡುತ್ತದೆ?"

"ತಾಳ ಹಾಕುತ್ತದೆ ಸರ್," ಎಂದರು ಮೇಡಂ.

"ಇಲ್ಲಿ ಯಾರೂ ಹಾಡುತ್ತಿಲ್ಲವಲ್ಲ. ತೆಗೆಸಿಬಿಡಿ."

ಮೇಡಂ ವಾದ ಮಾಡಲಿಲ್ಲ. ಮಾಲೀಕರನ್ನು ವಾರ್ತೆ ಓದುವ ಕುರ್ಚಿಯಲ್ಲಿ ಕೂರಿಸಿ, ಎದುರಿನ ಟಿವಿ ನೋಡುತ್ತಿರಿ ಎಂದು ಹೇಳಿ, ಪೆಟ್ಟಿಗೆಯಿಂದ ಕ್ಯಾಮೆರಾಕ್ಕೆ ಹೋಗುವ ವೈರ್ ಕಿತ್ತರು. ಚಿತ್ರ ಜಾರತೊಡಗಿತು. ಮಾಲೀಕರ ಹೊಟ್ಟೆ ಮೇಲೆ ಬಂತು, ತಲೆ ಅದರ ಕೆಳಗೆ ಹೋಯಿತು.

"ಸರ್, ಪೆಟ್ಟಿಗೆ ತೆಗೆಸಲಾ?"

"ಮೊದಲು ನನ್ನ ತಲೆ ಜಾಗಕ್ಕೆ ಹಾಕಮ್ಮಾ!"

೨. ತಾರಸಿ

ಆ ಪೆಟ್ಟಿಗೆಗೆ ಸರಿಯಾದ ಸಮಯ ಉಪಗ್ರಹದಿಂದ ಸಿಗುತ್ತದೆ. ಅದಕ್ಕಾಗಿ ತಾರಸಿಯ ಮೇಲೆ ಅಣಬೆಯಂಥ ಬಿಳಿ ಆಂಟೆನಾ. ಒಂದು ಬೇಸಿಗೆಯ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು: ಉಪಗ್ರಹ ಸಿಗುತ್ತಿಲ್ಲ. ಮೇಡಂ ಮೊದಲೇ ಎಲ್ಲ ಹದ ಮಾಡಿಟ್ಟಿದ್ದರಿಂದ ಪೆಟ್ಟಿಗೆ ತನ್ನ ಪಾಡಿಗೆ ತಾಳ ಹಾಕುತ್ತಲೇ ಇತ್ತು. ನಾವಿಬ್ಬರೂ ಮೇಲೆ ಹೋಗಿ ನೋಡಿದರೆ ಆಂಟೆನಾದ ಮೇಲೆ ಅಲ್ಯೂಮಿನಿಯಂ ಬೋಗುಣಿ ಬೋರಲು! ಯಾದಗಿರಿ ಕಡೆಯ ವಾಚ್‌ಮನ್ ಪಕ್ಕದಲ್ಲೇ ನಿಂತಿದ್ದ.

"ಪಾಪ, ಬಿಸಿಲಾಗ ಸುಡಾಕತ್ತಿತ್ರಿ ಸಾಹೇಬ್ರ. ಯಾರೂ ಕೇಳವರಿಲ್ಲ. ಅದಕ್ಕ ಮುಚ್ಚೀನ್ರಿ."

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು: "ಚಲೋ ಮಾಡೀಯಪ್ಪಾ. ಆದರ ಅದಕ್ಕ ಟೈಮ್ ಮ್ಯಾಲಿಂದ ಬರತೈತಿ. ಇನ್ನ ಮುಂದ ಯಾರೂ ಮುಚ್ಚದಂಗ ನೀನ ನೋಡ್ಕೋಬೇಕು."

ಮರುದಿನ ನಾನು ಆಂಟೆನಾದ ಮೇಲೆ ಬಗ್ಗಿ ಅದರ ತಂತಿ ನೋಡುತ್ತಿದ್ದೆ. ಹಿಂದಿನಿಂದ ಗದರಿಕೆ ಬಂತು:

"ಸರೀರಿ ಸಾಹೇಬ್ರ! ಟೈಮ್ ಬರಾಕತ್ತೈತಿ, ಅಡ್ಡ ನಿಂದರಬ್ಯಾಡ್ರಿ."

೩. ಕಲ್ಯಾಣ

ಶ್ರೀರಾಮನವಮಿಯ ದಿನ ಸೀತಾರಾಮರ ಕಲ್ಯಾಣವನ್ನು ತೆಲುಗು ಚಾನೆಲ್‌ಗಳೆಲ್ಲ ನೇರವಾಗಿ ತೋರಿಸುತ್ತವೆ. ನಮ್ಮ ಮಾಲೀಕರ ತಾಯಿ ಮನೆಯಲ್ಲಿ ಎರಡು ಟಿವಿ ಹಾಕಿಕೊಂಡು ಕೂರುತ್ತಾರೆ. ಒಂದರಲ್ಲಿ ನಮ್ಮದು, ಇನ್ನೊಂದರಲ್ಲಿ ಎದುರಾಳಿ ಚಾನೆಲ್. ಒಂದು ವರ್ಷ ಎದುರಾಳಿಯ ಟಿವಿಯಲ್ಲಿ ದೇವರ ಮದುವೆ ತುಸು ಮೊದಲೇ ಆಗಿಹೋಯಿತು. ನಮ್ಮ ಮುಹೂರ್ತ ತಪ್ಪಿತು ಎಂದು ಆಕೆ ಊಟ ಬಿಟ್ಟರು. ಮಾಲೀಕರು ನೇರ ಮೇಡಂ ಬಳಿ ಬಂದರು.

"ಆ ಪೆಟ್ಟಿಗೆಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ."

"ತಾಳ ಸರಿಯಾಗಿದೆ ಸರ್. ಚಿತ್ರ ಆಕಾಶಕ್ಕೆ ಹೋಗಿ, ಇಳಿದು, ಕೇಬಲ್‌ನವರನ್ನು ದಾಟಿ ನಿಮ್ಮ ಮನೆಗೆ ಬರಬೇಕು. ತಡ ಆಗುವುದು ದಾರಿಯಲ್ಲಿ. ಪೆಟ್ಟಿಗೆ ಸುಳ್ಳು ಹೇಳಿದರೆ ದಾರಿ ಚಿಕ್ಕದಾಗುತ್ತದೆಯೇ?"

"ಮುಂದಿನ ವರ್ಷವೂ ಅಮ್ಮ ಕೊರಗಿದರೆ ನೀವು ಬೇರೆ ಕೆಲಸ ನೋಡಿಕೊಳ್ಳಿ."

"ನೋಡಿಕೊಳ್ಳುತ್ತೇನೆ ಸರ್. ಪೆಟ್ಟಿಗೆ ಮುಟ್ಟುವುದಿಲ್ಲ."

ಸುಮ್ಮನೆ ತಿರುಗಿಸಿದ ಹಾಗೆ ಮಾಡಿ ಎಂದು ನಾವೆಲ್ಲ ಬುದ್ಧಿ ಹೇಳಿದೆವು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ನವಮಿಯ ಬೆಳಿಗ್ಗೆ ಮೇಡಂ ತಾವೇ ಹೋಗಿ ಮಾಲೀಕರ ತಾಯಿಯನ್ನು ಕರೆತಂದರು. ಕಂಟ್ರೋಲ್ ರೂಮಿನಲ್ಲಿ, ದೇವಸ್ಥಾನದಿಂದ ಬಂದ ಚಿತ್ರ ಪ್ರಸಾರಕ್ಕೆ ಹೋಗುವ ಮೊದಲೇ ಕಾಣುವ ಟಿವಿಯ ಮುಂದೆ ಕೂರಿಸಿದರು. ಪಕ್ಕದಲ್ಲೇ ಎದುರಾಳಿ ಚಾನೆಲ್ ಹಾಕಿಕೊಟ್ಟರು. ನಮ್ಮ ಟಿವಿಯಲ್ಲಿ ದೇವರ ತಲೆಯ ಮೇಲೆ ಮುಹೂರ್ತದ ಜೀರಿಗೆ ಬೆಲ್ಲ ಬಿದ್ದಾಗ ಪಕ್ಕದ ಟಿವಿಯಲ್ಲಿ ಪುರೋಹಿತರು ಇನ್ನೂ ಮಂತ್ರ ಹೇಳುತ್ತಿದ್ದರು. ಆಕೆ ಮೇಡಂ ಕೆನ್ನೆ ಸವರಿ, "ಈ ಹುಡುಗಿಯನ್ನು ಇಲ್ಲಿಂದ ಯಾರೂ ಕದಲಿಸಬಾರದು," ಎಂದು ನಮಗೆಲ್ಲ ಕೇಳುವಂತೆ ಹೇಳಿದರು. ಅದೇ ಉಸಿರಿನಲ್ಲಿ, ಮನೆಯಲ್ಲಿ ನಮ್ಮ ಚಾನೆಲ್ ನೋಡುತ್ತ ಕೂತಿದ್ದ ಮಗನಿಗೆ, ಆಗಲೇ ಹಚ್ಚಿಟ್ಟುಕೊಂಡಿದ್ದ ಫೋನಿನಲ್ಲಿ ಕೂಗಿದರು.

"ಏರಾ, ಮದುವೆ ಆಯಿತು, ಕೈ ಮುಗಿ!"

ಮಾಲೀಕರ ದನಿ ಫೋನಿನಿಂದ ನಮಗೂ ಕೇಳಿಸಿತು: "ಇಲ್ಲಮ್ಮಾ, ಇಲ್ಲಿ ಇನ್ನೂ ಆಗಿಲ್ಲ."

ತಾಯಿಗೆ ಸಿಟ್ಟು ನೆತ್ತಿಗೇರಿತು.

"ಥೂ! ನಾನು ಈ ಕಡೆ ಬಂದದ್ದೇ ತಡ, ಎದುರಾಳಿ ಚಾನೆಲ್ ಹಾಕಿಕೊಂಡು ಕೂತೆಯಾ?"