ಭಾವನವರ ಸಿಗರೇಟಿನ ಲೆಕ್ಕ

ಎಂಬತ್ತರ ದಶಕದಲ್ಲಿ ನಾವಿರುವ ಈ ಫ್ರೀಮಾಂಟ್ ಊರಿನ ಯಾವ ಬಣ್ಣದ ಮಕ್ಕಳು ಎಷ್ಟು ಸಿಗರೇಟು ಸೇದುತ್ತಾರೆ ಎಂಬುದನ್ನು ಅಮೆರಿಕದ ಸರ್ಕಾರಕ್ಕಿಂತ ಚೆನ್ನಾಗಿ ಬಲ್ಲವರು ಒಬ್ಬರೇ ಒಬ್ಬರಿದ್ದರು. ಅವರು ನನ್ನ ಭಾವನವರು, ಅಂದರೆ ನಿಮ್ಮ ತಾತನ ಅಣ್ಣ, ನಿಮಗೆ ದೊಡ್ಡ ತಾತ. ಆದರೆ ದಿನಕ್ಕೆ ಎಷ್ಟು ಚಿಟಿಕೆ ನಶ್ಯ ತಮ್ಮ ಮೂಗಿನೊಳಕ್ಕೆ ಹೋಗುತ್ತದೆ ಎಂದು ಕೇಳಿದರೆ ಮಾತ್ರ ಅವರಿಗೆ ಲೆಕ್ಕ ತಪ್ಪುತ್ತಿತ್ತು! ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ಲೆಕ್ಕದ ಮೇಷ್ಟರಾಗಿದ್ದವರು ಅವರು ಎಂಬುದನ್ನು ಇಲ್ಲಿ ನೆನಪಿಡಿ. ನಶ್ಯ ಎಂದರೇನು ಎಂದು ಕೇಳುತ್ತೀರಿ. ಹೊಗೆಸೊಪ್ಪನ್ನು ನುಣ್ಣಗೆ ಪುಡಿ ಮಾಡಿ ಮೂಗಿಗೆ ಏರಿಸುವುದು. ಸಿಗರೇಟಿಗೆ ವಯಸ್ಸಿನಲ್ಲಿ ಹಿರಿಯಣ್ಣ ಅನ್ನಿ.

ಮಕ್ಕಳೇ, ಇದನ್ನು ನಿಮ್ಮ ಅಮ್ಮನ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. “ಬರಿ ಅಮ್ಮ, ಆದ್ರೆ ಸ್ವಲ್ಪ ಕಮ್ಮಿ ಬರಿ” ಎಂದಿದ್ದಾಳೆ. ನಿಮಗೆ ಕನ್ನಡ ಓದುವುದು ಕಷ್ಟವಾದರೆ ಅವಳ ಕೈಲೇ ಓದಿಸಿ. ನಡುವೆ ಎಲ್ಲಾದರೂ ಪುಟ ಹಾರಿಸಿದರೆ ಬಿಡಬೇಡಿ, ಅಸಲು ವಿಷಯ ಅಲ್ಲೇ ಇರುತ್ತದೆ.

ಭಾವನವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ನಿವೃತ್ತರಾದ ಮೇಲೆ ನಿಮ್ಮ ತಾತ ಅವರನ್ನು ಇಲ್ಲಿಗೆ ಕರೆಸಿಕೊಂಡರು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತಪಾಸಣೆ ಮಾಡುವವನು ನಶ್ಯದ ಡಬ್ಬಿ ತೆರೆದು, ಇದೇನಿರಬಹುದು ಎಂದು ಮೂಗಿನ ಹತ್ತಿರ ಹಿಡಿದನಂತೆ. ಅವನು ಒಂದೇ ಸಮನೆ ಏಳು ಸಲ ಸೀನಿದ. ಭಾವನವರು ಊರಿನ ಪದ್ಧತಿಯಂತೆ ಏಳು ಸಲವೂ “ಚಿರಂಜೀವಿಯಾಗು” ಎಂದು ಹರಸಿದರು. ಇಷ್ಟು ಆಶೀರ್ವಾದ ಮಾಡಿದವರನ್ನು ತಡೆಯುವುದು ಹೇಗೆ? ಬಿಟ್ಟುಬಿಟ್ಟರು.

ಆದರೆ ಅವರು ಬಂದದ್ದರಿಂದ ನನಗಾದ ಕಷ್ಟ ಯಾರಿಗೆ ಹೇಳಲಿ? ನಮ್ಮ ಕಡೆ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಹೇಳಬೇಕು. ಊರಿನ ಅಡುಗೆಮನೆಗೆ ಬಾಗಿಲಿತ್ತು, ಮರೆಯಿತ್ತು. ಇಲ್ಲಿಯ ಮನೆಯಲ್ಲಿ ಅಡುಗೆ, ಊಟ, ಸೋಫಾ ಎಲ್ಲ ಒಂದೇ ಬಯಲು! ಇದ್ದ ಒಂದೇ ಬಾಗಿಲು ಫ್ರಿಡ್ಜಿನದು. ಅದನ್ನೇ ತೆರೆದು, ಅದರ ಹಿಂದೆ ನಿಂತು, ಊಟಕ್ಕೆ ಏಳಬೇಕಂತೆ ಎಂದೆ. ಅವರೂ ಮರ್ಯಾದಸ್ಥರು, ಫ್ರಿಡ್ಜಿಗೇ ಉತ್ತರ ಕೊಟ್ಟರು. ಹೀಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಸಾರಿಗೆ ಉಪ್ಪು ಸಾಕೇ ಎಂಬ ಪ್ರಶ್ನೆ, ಕಾಫಿ ಇನ್ನೊಂದು ಲೋಟ ಬೇಕೇ ಎಂಬ ಪ್ರಶ್ನೆ, ಎಲ್ಲವೂ ಮೊಸರಿನ ಡಬ್ಬಿಯನ್ನು ದಾಟಿಯೇ ಹೋಗಬೇಕಾಗಿತ್ತು. ನಮ್ಮ ಮನೆಯ ಹಾಲು ಡಬ್ಬಿಯ ಮೇಲೆ ಬರೆದ ತಾರೀಕಿನವರೆಗೆ ಒಂದು ಸಲವೂ ಕೆಡದೆ ಉಳಿದದ್ದಿಲ್ಲ.

ಮೇಷ್ಟರಿಗೆ ಶಾಲೆಯಿಲ್ಲದೆ ಹೊತ್ತು ಹೋಗಬೇಕಲ್ಲ. ನಿಮ್ಮ ಅಮ್ಮ ಮುಂದೆ ಓದಿದ ಹೈಸ್ಕೂಲಿನ ಎದುರು ರಸ್ತೆಯಾಚೆ ಬಸ್ ನಿಲ್ದಾಣದ ಬೆಂಚೊಂದಿತ್ತು. ಅಲ್ಲಿ ಹೋಗಿ ಕೂತರು. ಮೊದಲ ದಿನವೇ ಗಾಬರಿಯಾಗಿ ಮನೆಗೆ ಬಂದರು. ಮಕ್ಕಳು ಸಿಗರೇಟು ಸೇದುವುದಕ್ಕೆಂದು ಶಾಲೆಯವರೇ ಅಂಗಳದಲ್ಲಿ ಜಾಗ ಗುರುತು ಮಾಡಿ ಕೊಟ್ಟಿದ್ದಾರೆ! ಹೌದು, ಆಗ ಹಾಗಿತ್ತು, ನೀವು ನಂಬಬೇಕು. ಊರಿನ ಶಾಲೆಯಲ್ಲಿ ಒಬ್ಬ ಹುಡುಗ ಬೀಡಿ ಸೇದಿದ್ದಕ್ಕೆ ಇಡೀ ತರಗತಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದ ಭಾವನವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ದಿನ ಒಂದು ನೋಟುಬುಕ್ಕು ಕೊಂಡು, ಕಿವಿಯ ಮೇಲೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡು ಹೊರಟರು.

ನೋಟುಬುಕ್ಕಿನಲ್ಲಿ ಐದು ಕಾಲಮ್ಮು. ಬಿಳಿಯರು, ಕಪ್ಪು ಜನ, ಮೆಕ್ಸಿಕೋದವರು, ಚೀನ ಮತ್ತು ಫಿಲಿಪೈನ್ಸಿನವರು, ಕೊನೆಗೆ ನಮ್ಮವರು. ಮನುಷ್ಯರನ್ನು ಹೀಗೆ ಬಣ್ಣ ನೋಡಿ ವಿಂಗಡಿಸಿದರೆ ನೀವು ಈಗ ಬೈಯುತ್ತೀರಿ, ಗೊತ್ತು. ಬೈಗುಳ ಸ್ವಲ್ಪ ಇಟ್ಟುಕೊಂಡಿರಿ, ಮುಂದೆ ಅವರೇ ಬೈದುಕೊಳ್ಳುತ್ತಾರೆ. ಊಟದ ಬಿಡುವಿನಲ್ಲಿ ಸೇದಲು ಬಂದ ಪ್ರತಿಯೊಂದು ಮಗುವಿಗೂ ಒಂದೊಂದು ಗೀಟು. ಬಿಡುವು ಮುಗಿದ ಮೇಲೆ ಎರಡೆರಡು ಸಲ ಎಣಿಸಿ, ತಾಳೆಯಾದರೆ ಕೆಂಪು ಪೆನ್ಸಿಲಿನಲ್ಲಿ ಒಂದು ರೈಟ್ ಮಾರ್ಕು. ಆ ರೈಟ್ ಮಾರ್ಕನ್ನು ಅವರು ಸುಲಭಕ್ಕೆ ಯಾರಿಗೂ ಕೊಡುತ್ತಿರಲಿಲ್ಲ, ತಮಗೂ ಕೊಟ್ಟುಕೊಳ್ಳುತ್ತಿರಲಿಲ್ಲ.

ನಿಮ್ಮ ತಾತನಿಗೆ ದಿಗಿಲು. ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂದು ಹೇಳಿ ಹೇಳಿ ಸುಸ್ತಾದರು. ಒಂದು ದಿನ ಶಾಲೆಯ ಮೇಡಂ ಒಬ್ಬರು ರಸ್ತೆ ದಾಟಿ ಬಂದೇಬಿಟ್ಟರು. ಭಾವನವರು ನೋಟುಬುಕ್ಕು ಬಿಚ್ಚಿ, ತಮ್ಮ ಮೇಷ್ಟರ ಇಂಗ್ಲಿಷಿನಲ್ಲಿ ಐದು ಕಾಲಮ್ಮನ್ನೂ ವಿವರಿಸಿದರು. ಆಕೆ ಕೇಳಿ ಕೇಳಿ, ನಿಟ್ಟುಸಿರು ಬಿಟ್ಟು, ಅದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತು ತಾವೂ ಒಂದು ಸಿಗರೇಟು ಹಚ್ಚಿದರಂತೆ. ಇವರು ಬಿಟ್ಟಾರೆಯೇ? ಬಿಳಿಯರ ಕಾಲಮ್ಮಿನಲ್ಲಿ ಇನ್ನೊಂದು ಗೀಟು!

ಹೀಗೆ ನಾಲ್ಕು ವರ್ಷ ಎಣಿಸಿದರು. ಮೊದಲ ವರ್ಷ ಬಿಳಿಯ ಮಕ್ಕಳ ಸಾಲೂ ಕಪ್ಪು ಮಕ್ಕಳ ಸಾಲೂ ಹೆಚ್ಚು ಕಡಿಮೆ ಜೊತೆಜೊತೆಗೇ ಇದ್ದವು. ಆಮೇಲೆ ವಿಚಿತ್ರ. ಬಿಳಿಯರ ಸಾಲು ಇದ್ದ ಹಾಗೇ ಇದೆ, ಕಪ್ಪು ಮಕ್ಕಳ ಸಾಲು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಬಂತು. ಮೇಷ್ಟರಿಗೆ ಇದರ ಕಾರಣ ತಿಳಿಯದೆ ನಿದ್ದೆಯಿಲ್ಲ. ಬಸ್ಸಿಗೆ ಕಾಯುತ್ತಿದ್ದ ಎತ್ತರದ ಕಪ್ಪು ಹುಡುಗಿಯೊಬ್ಬಳನ್ನು, ನೀನೇಕಮ್ಮ ಸೇದುವುದಿಲ್ಲ ಎಂದು ನೇರವಾಗಿ ಕೇಳಿದರು. ಅವಳು ನಕ್ಕು, ನಮ್ಮಜ್ಜಿಯ ಮೂಗು ನಿಮಗೆ ಗೊತ್ತಿಲ್ಲ, ನಾನು ಬಸ್ಸಿಳಿಯುವ ಮೊದಲೇ ಅವಳಿಗೆ ವಾಸನೆ ಹೊಡೆಯುತ್ತದೆ ಎಂದಳಂತೆ. ಅವತ್ತು ಭಾವನವರು ಕುಣಿಯುತ್ತ ಮನೆಗೆ ಬಂದರು. ಆ ಹುಡುಗಿಯ ಅಜ್ಜಿಯನ್ನು ಸ್ವಂತ ಅಕ್ಕ ಎನ್ನುವಂತೆ ಹೊಗಳಿದರು. ಅಂದಿನಿಂದ ಅವರದೊಂದು ಸಿದ್ಧಾಂತ: ಯಾವ ಮನೆಯಲ್ಲಿ ಮೂಗು ಚುರುಕಾದ ಹಿರಿಯರಿದ್ದಾರೋ ಆ ಮನೆಯ ಕಾಲಮ್ಮು ಖಾಲಿ.

ಆ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಈ ಸಿದ್ಧಾಂತದ ಮೇಲೆ ಭಾಷಣವೂ ಆಯಿತು. ನಾಲ್ಕು ವರ್ಷದಲ್ಲಿ ನಮ್ಮವರ ಕಾಲಮ್ಮಿನಲ್ಲಿ ಒಂದೇ ಒಂದು ಗೀಟಿಲ್ಲ, ಸೊನ್ನೆ, ಎಂದು ನೋಟುಬುಕ್ಕನ್ನು ಎತ್ತಿ ಹಿಡಿದರು. ಹೋಳಿಗೆ ಬಡಿಸುತ್ತಿದ್ದವರೂ ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವವರೆಗೆ ಸುಮ್ಮನಿರುವುದೇಕೆ ಎಂದು ಭಾವನವರು ಒಂದು ಚಿಟಿಕೆ ನಶ್ಯ ಏರಿಸಿದರು. ನಿಮ್ಮ ತಾತನಂತೂ ಹೆಮ್ಮೆಯಿಂದ ಎದ್ದು ನಿಂತು, ತಮ್ಮ ಮಗಳೇನಾದರೂ ಸಿಗರೇಟು ಮುಟ್ಟಿದರೆ ಮಾರನೆಯ ದಿನವೇ ಪ್ಲೇನು ಹತ್ತಿಸಿ ಊರಿಗೆ ಕಳಿಸುವುದಾಗಿ ಎಲ್ಲರೆದುರು ಹೇಳಿದರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಿಮ್ಮ ತಾತ ಹೇಳಿದ್ದನ್ನು ಮಾಡುವವರು. ಹಿಂದೊಮ್ಮೆ, ಇನ್ನೊಂದು ಸಲ ಹೋಂವರ್ಕು ಬಿಟ್ಟು ಟಿವಿ ನೋಡಿದರೆ ಟಿವಿಯನ್ನೇ ಪಕ್ಕದ ಮನೆಗೆ ಕೊಡುತ್ತೇನೆ ಎಂದಿದ್ದರು. ಒಂದು ವರ್ಷ ನಾವು ಪಕ್ಕದ ಮನೆಗೆ ಹೋಗಿ ಟಿವಿ ನೋಡಿದೆವು.

ಮತ್ತೆ ನಾನು ನಗದಿರಲು ಇನ್ನೊಂದು ಕಾರಣವಿತ್ತು. ಪುಟ ಹಾರಿಸುವುದಾದರೆ ನಿಮ್ಮ ಅಮ್ಮ ಇಲ್ಲಿ ಹಾರಿಸುತ್ತಾಳೆ, ಕೈ ಹಿಡಿದುಕೊಳ್ಳಿ. ಬಟ್ಟೆ ಒಗೆಯುವಾಗ ಅವಳ ಬ್ಯಾಗಿನ ತಳದಲ್ಲಿ ಸುತ್ತಿಟ್ಟಿದ್ದ ನೀಲಿ ಜೀನ್ಸ್ ಜಾಕೆಟ್ಟು ನನಗೆ ಸಿಕ್ಕಿತ್ತು. ಮುಖಕ್ಕೆ ಹತ್ತಿರ ತಂದರೆ ಊರಿನ ಬಸ್ಸಿನ ಹಿಂದಿನ ಸೀಟಿನ ವಾಸನೆ! ಅವಳಿಗೆ ಹದಿನಾರು ವರ್ಷ. ನಾನೇನು ಮಾಡಿದೆ? ಬೈದೆನೇ? ಕೇಳಿದೆನೇ? ಜೋರಾಗಿ ಮಾತಾಡಿ ಗೊತ್ತಿದ್ದರೆ ತಾನೇ. ಜಾಕೆಟ್ಟನ್ನು ಎರಡು ಸಲ ಒಗೆದೆ.

ಆ ದಿನಗಳಲ್ಲೇ ಭಾವನವರು ಊಟಕ್ಕೆ ಕೂತಾಗಲೆಲ್ಲ ಒಬ್ಬ ಮೆಕ್ಸಿಕೋ ಹುಡುಗಿಯ ವಿಷಯ ತೆಗೆಯುತ್ತಿದ್ದರು. ನೀಲಿ ಜಾಕೆಟ್ಟು, ಬಿಚ್ಚಿದ ಕೂದಲು, ದಿನಕ್ಕೆ ತಪ್ಪದೆ ಎರಡು ಸಿಗರೇಟು, ಯಾವ ತಾಯಿ ಹೆತ್ತ ಮಗುವೋ ಪಾಪ ಎಂದು ಮರುಗುತ್ತಿದ್ದರು. ನಿಮ್ಮ ಅಮ್ಮನಿಗೆ ಸಾರು ನೆತ್ತಿಗೆ ಹತ್ತುತ್ತಿತ್ತು. ಆ ತಾಯಿ ಫ್ರಿಡ್ಜಿನ ಬಾಗಿಲ ಹಿಂದೆ ನಿಂತು ನಡುಗುತ್ತಿದ್ದಳು. ಬೆಳಗ್ಗೆ ನಾನು ಎಣ್ಣೆ ಹಚ್ಚಿ ಹೆಣೆದ ಜಡೆಯನ್ನು ಮಗಳು ಶಾಲೆಯಲ್ಲಿ ಬಿಚ್ಚುತ್ತಿದ್ದಳಲ್ಲ! ನಮ್ಮ ಹೆಣ್ಣುಮಕ್ಕಳಿಗೆ ಜಡೆ ಇರುತ್ತದೆ ಎಂದು ಭಾವನವರು ಗಟ್ಟಿಯಾಗಿ ನಂಬಿದ್ದರು. ಸಾಲದ್ದಕ್ಕೆ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು.

ಆ ಪೊರೆ ತೆಗೆಸಲು ನಿಮ್ಮ ತಾತ ಡಾಕ್ಟರನ್ನು ಗೊತ್ತು ಮಾಡಿದರು. ಕಣ್ಣಿನ ಆಪರೇಶನ್ನು ಮುಂದಕ್ಕೆ ಹೋಗಲಪ್ಪ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ದೇವರು ಡಾಕ್ಟರ ಕಡೆ ಸೇರಿಬಿಟ್ಟ. ಆಪರೇಶನ್ನು ಚೆನ್ನಾಗಿ ಆಯಿತು. ಹೊಸ ಕನ್ನಡಕ ಬಂದ ಮಾರನೆಯ ದಿನ ಭಾವನವರು ನೋಟುಬುಕ್ಕು ಹಿಡಿದು ಬೆಂಚಿಗೆ ಹೋದರು. ನಿಮ್ಮ ಅಮ್ಮನ ಪಾಸ್‌ಪೋರ್ಟು ಯಾವ ಡ್ರಾಯರಿನಲ್ಲಿದೆ ಎಂದು ನಾನು ಹುಡುಕಿದೆ. ಸಿಕ್ಕಿದರೆ ಅಕ್ಕಿಯ ಡಬ್ಬದಲ್ಲಿ ಬಚ್ಚಿಡೋಣ ಎಂದಿದ್ದೆ.

ಅವತ್ತು ಅವರು ಬೇಗನೆ ಹಿಂತಿರುಗಿದರು. ನಶ್ಯದ ಡಬ್ಬಿಯನ್ನೂ ಮುಟ್ಟಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಿಮ್ಮ ತಾತ ಎಂದಿನಂತೆ ಕೇಳಿದರು.

“ಏನಣ್ಣ, ಇವತ್ತಿನ ಲೆಕ್ಕ?”

“ಕನ್ನಡಕ ಸರಿಯಾಗಿಲ್ಲ ಕಣಪ್ಪ. ಏನೂ ಕಾಣ್ಲಿಲ್ಲ.”

“ಹಂಗಾದ್ರೆ ನಾಳೆ ಡಾಕ್ಟ್ರಿಗೆ ಫೋನ್ ಮಾಡ್ತೀನಿ.”

“ಬ್ಯಾಡ. ಎಷ್ಟು ಕಾಣ್ಬೇಕೋ ಅಷ್ಟು ಕಾಣ್ತದೆ” ಎಂದು ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು. ಅನ್ನದಲ್ಲಿ ಸಾರು ಇನ್ನೂ ಇತ್ತು.

ಮರುದಿನ ನಿಮ್ಮ ತಾತ ಆಫೀಸಿಗೆ ಹೋದ ಮೇಲೆ ಭಾವನವರು ಅಡುಗೆಮನೆಯ ಕಡೆ ಬಂದರು. ನಾನು ತಟ್ಟನೆ ಫ್ರಿಡ್ಜು ತೆರೆದು ಬಾಗಿಲ ಮರೆಗೆ ಸರಿದೆ. ಅವರು ಬಾಗಿಲ ಆಚೆಯಿಂದ ನಿಧಾನವಾಗಿ ಹೇಳಿದರು.

“ಬಟ್ಟೆ ನೋಡಿ, ಕೂದ್ಲು ನೋಡಿ, ಇದು ಅವರ ಮಗ, ಇದು ಇವರ ಮಗ ಅಂತ ನಾಕು ವರ್ಷ ಗೀಟು ಎಳೆದೆ ಕಣವ್ವ. ಕುರುಡ ನಾನು. ಹೆತ್ತೋಳು ನೀನು, ಒಂದು ವಿಷಯ ಹೇಳ್ಬೇಕು, ಗಾಬರಿ ಆಗ್ಬೇಡ.”

ಏನಾಯಿತೋ ಗೊತ್ತಿಲ್ಲ, ನಾನು ಫ್ರಿಡ್ಜಿನ ಬಾಗಿಲು ಮುಚ್ಚಿದೆ. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಅವರ ಹುಬ್ಬಿಗೆ ಅಷ್ಟು ಬಿಳಿ ಬಂದದ್ದನ್ನು ನಾನು ಆವತ್ತೇ ನೋಡಿದ್ದು.

“ನಂಗೆ ಆರು ತಿಂಗಳಿಂದ ಗೊತ್ತು ಭಾವ. ಅವರಿಗೆ ಹೇಳ್ಬೇಡಿ. ನನ್ನ ಮಗಳನ್ನ ಕಳಿಸ್ಬಿಡ್ತಾರೆ.”

ಅವರು ಹೂಂ ಎಂದು ನೋಟುಬುಕ್ಕನ್ನು ಬಗಲಿಗೆ ಸೇರಿಸಿದರು. ಆಮೇಲೆ, ಅವಳೊಡನೆ ತಾವು ಮಾತಾಡುವುದಾಗಿ ಹೇಳಿ ಹೊರಟರು.

ಆ ಮಾತು ನಡೆದದ್ದು ಅದೇ ಬೆಂಚಿನಲ್ಲಿ. ನಿಮ್ಮ ಅಮ್ಮ ಮುಂದೆ ನನಗೆ ಹೇಳಿದ್ದು ಇದು. ಭಾವನವರು ಶ್ವಾಸಕೋಶ, ಸಂಸ್ಕಾರ, ಅಜ್ಜಿಯ ಮೂಗು ಎಲ್ಲವನ್ನೂ ಮುಗಿಸುವವರೆಗೆ ಸುಮ್ಮನೆ ಕೇಳಿ, ಕೊನೆಗೆ ಇವಳು ಒಂದೇ ಮಾತು ಹೇಳಿದಳು.

“ಯೂ ಡೂ ಇಟ್ ಟೂ, ದೊಡ್ಡಪ್ಪ. ಮೂಗಲ್ಲಿ ಹೋದ್ರೆ ಟುಬ್ಯಾಕೋ ಅಲ್ವಾ?”

ಲೆಕ್ಕದ ಮೇಷ್ಟರು ಯಾರ ಮಾತಿಗೂ ಸೋಲುವವರಲ್ಲ, ಆದರೆ ಸರಿಯಾದ ಲೆಕ್ಕಕ್ಕೆ ಸೋಲುತ್ತಾರೆ. ಅಲ್ಲೇ ನೋಟುಬುಕ್ಕಿನ ಹೊಸ ಹಾಳೆ ತೆರೆದು ‘ಅವಳು’, ‘ನಾನು’ ಎಂದು ಬರೆದರು. ಅವಳು ಸೇದಿದರೆ ಅವಳಿಗೊಂದು ಗೀಟು, ಇವರು ಏರಿಸಿದರೆ ಇವರಿಗೊಂದು ಗೀಟು. ಸುಳ್ಳು ಹೇಳುವ ಹಾಗಿಲ್ಲ.

ಆಮೇಲಿನ ಆರು ತಿಂಗಳು ನಮ್ಮ ಮನೆ ಹೇಗಿತ್ತು ಅನ್ನುತ್ತೀರಿ! ನಶ್ಯವಿಲ್ಲದ ಭಾವನವರು ನನ್ನ ಸಾಂಬಾರ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು, ಮರುದಿನ ಅಗಲದ ಪ್ರಕಾರ ಜೋಡಿಸಿದರು. ಲವಂಗ ಜಗಿದೂ ಜಗಿದೂ ಮಾತಾಡಿದರೆ ಪಲಾವಿನ ವಾಸನೆ. ಸಿಗರೇಟಿಲ್ಲದ ನಿಮ್ಮ ಅಮ್ಮ ಬಾಗಿಲು ಕಂಡಲ್ಲೆಲ್ಲ ಅದನ್ನು ಬಡಿದು ಮುಚ್ಚಿದಳು. ಸಂಜೆ ಇಬ್ಬರೂ ನೋಟುಬುಕ್ಕು ಹಿಡಿದು ಕೆರೆಯ ಸುತ್ತ ನಡೆಯಲು ಹೋಗುತ್ತಿದ್ದರು. ಅಣ್ಣ ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾರೆ ಎಂದು ನಿಮ್ಮ ತಾತನಿಗೆ ಸಂತೋಷವೋ ಸಂತೋಷ. ಸುಳ್ಳೇನಲ್ಲ, ಲೆಕ್ಕವೇ ತಾನೇ?

ಅವಳು ಕಾಲೇಜು ಸೇರುವ ಹೊತ್ತಿಗೆ ಎರಡೂ ಕಾಲಮ್ಮು ಖಾಲಿಯಾಗಿದ್ದವು. ನಿಮ್ಮ ತಾತನಿಗೆ ಕೊನೆಯವರೆಗೂ ಏನೂ ತಿಳಿಯಲಿಲ್ಲ. ನಾನೋ? ಒಂದು ದಿನ ಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಚಟ ಹೋಗುತ್ತದೆಯೇ? ಭಾವನವರ ಹೆಜ್ಜೆ ಸದ್ದು ಕೇಳಿದರೆ ಕೈ ತಾನಾಗಿ ಫ್ರಿಡ್ಜಿಗೆ ಹೋಗುತ್ತಿತ್ತು. ಎಷ್ಟೋ ದಿನ ತಡೆದುಕೊಂಡೆ, ಕೆಲವು ದಿನ ಸೋತೆ. ಬರಬರುತ್ತ ಎದುರು ನಿಂತೇ ಮಾತಾಡುವಷ್ಟಾದೆ. ಹಾಲು ತಾರೀಕಿನವರೆಗೆ ಉಳಿಯತೊಡಗಿತು.

ಆ ದಶಕದ ಕೊನೆಯ ಚಳಿಗಾಲದಲ್ಲಿ ನಿಮ್ಮ ತಾತ ಹೋದರು. ಬೆಳಗ್ಗೆ ಶೂ ಹಾಕಿಕೊಳ್ಳಲು ಕೂತವರು ಏಳಲಿಲ್ಲ. ಕಾಲೇಜಿನಿಂದ ಓಡಿ ಬಂದ ನಿಮ್ಮ ಅಮ್ಮನೂ ಭಾವನವರೂ ಒಣ ಕಣ್ಣಿನಲ್ಲೇ ಎಲ್ಲ ಕೆಲಸ ಮಾಡಿಕೊಂಡು ಓಡಾಡಿದರು. ಇವರಿಗೆ ಅಳುವೇ ಬಾರದೇ ಎಂದು ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ಆ ಸಿಟ್ಟನ್ನು ಬಹಳ ವರ್ಷ ಇಟ್ಟುಕೊಂಡಿದ್ದೆ.

ಭಾವನವರು ತೀರಿಕೊಂಡ ಮೇಲೆ ನೋಟುಬುಕ್ಕು ನಿಮ್ಮ ಅಮ್ಮನ ಹತ್ತಿರ ಉಳಿಯಿತು. ಇದನ್ನು ಬರೆಯುತ್ತೇನೆ ಎಂದಾಗ ತಂದುಕೊಟ್ಟಳು. ನಾನು ಮೊದಲ ಸಲ ಅದನ್ನು ತೆರೆದದ್ದು ಮೊನ್ನೆ. ಹೊಸ ಹಾಳೆಗಳಲ್ಲಿ ಎರಡಲ್ಲ, ಮೂರು ಕಾಲಮ್ಮು. ‘ಅವಳು’, ‘ನಾನು’, ಅದರಾಚೆ ‘ಫ್ರಿಡ್ಜು’! ನಾನು ಬಾಗಿಲ ಹಿಂದೆ ಅಡಗಿದ್ದಕ್ಕೆಲ್ಲ ಒಂದೊಂದು ಗೀಟು. ಬಿದ್ದು ಬಿದ್ದು ನಕ್ಕೆ. ಹಾಳೆ ತಿರುವಿದಂತೆ ಮೂರೂ ಸಾಲು ತೆಳ್ಳಗಾಗುತ್ತ, ಕೊನೆಗೆ ತಿಂಗಳುಗಟ್ಟಲೆ ಖಾಲಿ.

ಆಮೇಲೆ ನಿಮ್ಮ ತಾತ ಹೋದ ದಿನದ ತಾರೀಕು ಬಂತು. ಅವಳ ಕೆಳಗೆ ಒಂದು ಗೀಟು. ಅವರ ಕೆಳಗೆ ಒಂದು ಗೀಟು. ನನ್ನ ಕೆಳಗೂ ಒಂದು. ಹೌದು, ಅವತ್ತು ಜನರ ನಡುವೆ, ಹಾಲು ತೆಗೆಯುವ ನೆಪದಲ್ಲಿ ಫ್ರಿಡ್ಜು ತೆರೆದು, ಬಾಗಿಲ ಹಿಂದೆ ನಿಂತು ಅತ್ತಿದ್ದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ.

ಮೂರು ಗೀಟುಗಳ ಪಕ್ಕದಲ್ಲಿ, ಕೆಂಪು ಪೆನ್ಸಿಲಿನಲ್ಲಿ, ಸ್ವಲ್ಪ ಸೊಟ್ಟಗಾದ ಒಂದು ರೈಟ್ ಮಾರ್ಕು.