ಹದಿನೇಳನೇ ಸ್ಯಾಂಪಲ್

ಹದಿನೇಳನೇ ಸ್ಯಾಂಪಲ್ಲಿನ ಮೇಲೆ ಹೆಸರು ಬರೆದಿರಲಿಲ್ಲ. ಶಾಂತರಾಜುವಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

"ಇದರ ಡಿಎನ್‌ಎ ಯಾವುದರದ್ದು ಅಂತ ನಾಲ್ಕು ಗಂಟೆಯೊಳಗೆ ಹೇಳಿ. ಸರಿಯಾಗಿದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ," ಎಂದು ಲ್ಯಾಬಿನ ಮುಖ್ಯಸ್ಥೆ ಮುಬಶ್ಶಿರಾ ಮೇಡಂ ತಮ್ಮ ಕೋಣೆ ಸೇರಿಕೊಂಡರು.

ಚಾಮರಾಜನಗರದ ಆ ಪುಟ್ಟ ಲ್ಯಾಬಿಗೆ ಬರುತ್ತಿದ್ದದ್ದು ಕಾಡಂಚಿನ ಪ್ರಾಣಿಗಳ ಹಿಕ್ಕೆ. ಮೆಷಿನ್ನು ಅದರ ಡಿಎನ್‌ಎಯನ್ನು ಲಕ್ಷಾಂತರ ಚೂರುಗಳಾಗಿ ಓದಿ ಕಂಪ್ಯೂಟರಿಗೆ ಸುರಿಯುತ್ತಿತ್ತು. ಸಾಫ್ಟ್‌ವೇರಿನಲ್ಲಿ ಕೊಳೆ ಚೂರುಗಳನ್ನು ಆರಿಸಿ ಎಸೆದು, ಉಳಿದವನ್ನು ತುದಿಗೆ ತುದಿ ಕೂಡಿಸಿ, ಪ್ರಾಣಿ ಯಾವುದೆಂದು ಹೇಳುವುದು ಶಾಂತರಾಜುವಿನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆಯೇ. ಆದರೆ ಅಕ್ಕಿ ಯಾವುದು, ಕಲ್ಲು ಯಾವುದು ಎಂಬುದೇ ಪಾಪ ಅವನಿಗೆ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಕೆಲಸ ಖಾಯಂ ಆಗುವವರೆಗೆ ಮಾಂಸ ಮುಟ್ಟುವುದಿಲ್ಲವೆಂದು ಅವನು ಹೆಂಡತಿ ಶಾಂತಿಯ ಮುಂದೆ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದ. ಲ್ಯಾಬು ಗುಡಿಸುವ ಪುಟ್ಟಮಾದಮ್ಮ ಶಾಂತಿಯ ಸೋದರತ್ತೆ. ಹರಕೆಯ ಕಾವಲು ಅವಳದು.

ಮೊದಲ ಸಲ ಜೋಡಿಸಿದಾಗ ಪರದೆಯ ಮೇಲೆ ಬಂದದ್ದು: ಮನುಷ್ಯ.

ಪಕ್ಕದ ಕುರ್ಚಿಯ ಮುನಾವರ್ ಇಣುಕಿದ. ತಂಗಿಯ ಮದುವೆ ಮುಗಿಸಿ ಹೋದ ಸೋಮವಾರ ಕೆಲಸಕ್ಕೆ ಬಂದವನು, ಇನ್ನೂ ಮದುವೆಮನೆಯ ಯಜಮಾನನ ಗತ್ತಿನಲ್ಲೇ ಇದ್ದ.

"ಹಿಕ್ಕೆ ಎತ್ತಿದೋನ ಕೈಯ ಕೊಳೆ ಕಣ್ಲಾ ಅದು. ಮನುಷ್ಯ ಬಂದ್ರೆ ಮೊದ್ಲು ಎತ್ತಾಕ್ಬುಡು. ನಮ್ಮ ಲ್ಯಾಬಿನ ಮೊದಲ್ನೇ ರೂಲೇ ಅದಲ್ವಾ?"

ಹೌದಲ್ಲ! ಶಾಂತರಾಜು ಕೊಳೆ ಸೋಸುವ ಸಾಫ್ಟ್‌ವೇರಿನ ಜರಡಿ ಬಿಗಿ ಮಾಡಿದ. ಸೊನ್ನೆ ಉಳಿಯಿತು. ಸಡಿಲಿಸಿದ. ಮತ್ತೆ ಮನುಷ್ಯ.

"ಬಿಗೀನೂ ಬ್ಯಾಡ, ಸಡ್ಲಾನೂ ಬ್ಯಾಡ," ಎಂದ ಮುನಾವರ್, ತಾನೇ ಸಾಫ್ಟ್‌ವೇರ್ ಬರೆದವನಂತೆ.

ಊಟ ಬಿಟ್ಟು ಒದ್ದಾಡಿದ ಮೇಲೆ, ಮೂರೂವರೆಗೆ ಮನುಷ್ಯನದೆಲ್ಲ ಹೋಗಿ ಚೂರುಗಳ ಎರಡು ಸಣ್ಣ ಗುಡ್ಡೆ ಉಳಿದವು. ಒಂದು ಆಡು. ಇನ್ನೊಂದು ವೀಳ್ಯದೆಲೆ. ಶಾಂತರಾಜು ತಲೆ ಹಿಡಿದುಕೊಂಡ. ಆಡಿಗೆ ವೀಳ್ಯ ಕೊಟ್ಟು ಕರೆದವರು ಯಾರು?

ಪುಟ್ಟಮಾದಮ್ಮ ಪೊರಕೆ ಗೋಡೆಗೆ ಒರಗಿಸಿದಳು. "ಇಷ್ಟಕ್ಕೇ ಒದ್ದಾಡೀರಾ ಅಳಿಮಯ್ಯ? ಹರದನಹಳ್ಳಿ ಮೂಗಯ್ಯನ ಎಲೆತೋಟಕ್ಕೆ ಆಡು ನುಗ್ಗಿ ಮೇಯ್ದದೆ, ಅಷ್ಟೇಯ. ತಗಳಿ, ಎಲೆ ಹಾಕಳಿ."

ದಿನದಂತೆ ಅವಳ ಎಲೆಯಡಿಕೆಯನ್ನು ಕೆನ್ನೆಗೆ ಸೇರಿಸಿಕೊಂಡು ಶಾಂತರಾಜು ನೆಮ್ಮದಿಯಿಂದ ವರದಿ ಬರೆದ: 'ಎಲೆತೋಟ ಮೇಯ್ದ ಆಡು. ಬೆರೆತಿದ್ದ ಮನುಷ್ಯನ ಕೊಳೆಯನ್ನು ಪೂರ್ತಿ ತೆಗೆದಿದ್ದೇನೆ.'

ಮೇಡಂ ಎರಡು ಸಲ ಓದಿದರು.

"ಶಾಂತರಾಜು, ಹೋದ ಸೋಮವಾರ ಊಟ ಆದ್ಮೇಲೆ ಪರೀಕ್ಷೆಗೆ ಅಂತ ನಿಮ್ಮ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿದ್ದೆ. ನೆನಪಿದೆಯಾ?"

"ಇದೆ ಮೇಡಂ."

"ಅದೇ ಇದು. ಸ್ಯಾಂಪಲ್ ಎಲ್ಲಿಂದ ಬಂತು ಅಂತ ನೀವು ಒಂದು ಮಾತು ಕೇಳ್ತೀರೇನೋ ಅಂತ ಕಾದೆ. ನೀವು ನಿಮ್ಮನ್ನೇ ಕೊಳೆ ಅಂತ ಎಸೆದು, ಬಾಯಲ್ಲಿದ್ದ ಎಲೇನೂ ಹಲ್ಲಿನ ಸಂದೀಲಿದ್ದ ಆಡನ್ನೂ ಜೋಡಿಸಿ ತಂದಿದ್ದೀರಿ. ನಾಳೆಯಿಂದ ಬರೋದು ಬೇಡ."

ಶಾಂತರಾಜುವಿಗೆ ಅಳು ಬಂತು. ಸೋಮವಾರ ಮೇಜಿನಡಿಯಿಂದ ಅವನತ್ತ ಮದುವೆಯ ಆಡಿನ ಬಿರಿಯಾನಿ ಡಬ್ಬಿ ಜಾರಿಸಿದ್ದ ಮುನಾವರ್ ಈಗ ಕಂಪ್ಯೂಟರಿನೊಳಗೆ ತಲೆ ಹುದುಗಿಸಿದ್ದ. ಆದರೆ ಬಾಗಿಲಲ್ಲಿ ಪುಟ್ಟಮಾದಮ್ಮ ಕಲ್ಲಿನ ಹಾಗೆ ನಿಂತಿದ್ದಳು.

"ಅಂದ್ರೆ ಆಡು ತಿಂದಿದ್ದು ನೀವಾ? ಅದೂ ಮಾದಪ್ಪನ ಸೋಮ್ವಾರ?" ಎಂದವಳು ಉತ್ತರಕ್ಕೆ ಕಾಯದೆ ಫೋನು ಕಿವಿಗೆ ಹಿಡಿದಳು. "ಶಾಂತೀ, ಕೇಳಮ್ಮಿ ಇಲ್ಲಿ..."

ಶಾಂತರಾಜು ಬಸ್‌ಸ್ಟ್ಯಾಂಡಿಗೆ ಕಾಲೆಳೆಯುತ್ತ ನಡೆದ. ಗುಂಡ್ಲುಪೇಟೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಶಾಂತಿ ಕಾದಿರುವ ಹಂಗಳದ ಮನೆ ಸೇರಬೇಕು. ಐದರ ಬಸ್ಸು ದಿನವೂ ಮುಕ್ಕಾಲು ಗಂಟೆ ತಡ. ಅವತ್ತು ಮಾತ್ರ ಸರಿಯಾದ ಹೊತ್ತಿಗೆ ಬಂದು, ಬಾಗಿಲು ತೆರೆದು ನಿಂತಿತ್ತು.