ನೂರಾ ನಾಲ್ಕೂವರೆ ಡಿಗ್ರಿ

ಡ್ರಾಯಿಂಗ್ ಮೇಡಂಗೆ ಸೊಟ್ಟಗಿರುವುದನ್ನು ಕಂಡರೆ ಆಗುತ್ತಿರಲಿಲ್ಲ. ಗೋಡೆಯ ಪಟವಾಗಲಿ, ಮೇಜಿನ ಮೇಲಿನ ಪುಸ್ತಕವಾಗಲಿ, ನೆಟ್ಟಗೆ ಮಾಡಿಯೇ ಮುಂದೆ ಹೋಗುವವರು. ಆ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ರಸಾಯನದ ಮೇಷ್ಟ್ರು ಮೂರು ದಿನ ಕೂತು ಮಾಡಿದ್ದ ನೀರಿನ ಅಣು. ನಡುವೆ ಆಮ್ಲಜನಕದ ಕೆಂಪು ಚೆಂಡು, ಎರಡು ಕಡ್ಡಿಗಳ ತುದಿಗೆ ಜಲಜನಕದ ಪುಟ್ಟ ಬಿಳಿ ಚೆಂಡುಗಳು. ಮೇಷ್ಟ್ರು ಬರುವ ಹೊತ್ತಿಗೆ ಮೂರೂ ಗೆರೆ ಎಳೆದಂತೆ ಸಾಲಾಗಿದ್ದವು.

"ಪಾಪ, ಬಗ್ಗಿಹೋಗಿತ್ತು ಸರ್. ನೆಟ್ಟಗೆ ಮಾಡಿ ಗೋಂದು ಹಾಕಿದೀನಿ."

"ಬಗ್ಗಿಯೇ ಇರಬೇಕು ಮೇಡಂ, ನೂರಾ ನಾಲ್ಕೂವರೆ ಡಿಗ್ರಿ. ನೀರು ನೀರಾಗಿರೋದೇ ಆ ಸೊಟ್ಟದಿಂದ."

"ನೋಡೋಕೆ ಚೆನ್ನಾಗಿರಲ್ವಲ್ಲ ಸರ್."

ಮೇಷ್ಟ್ರಿಗೆ ಅಳು ಬಂತು. ಒಂಬತ್ತು ವರ್ಷದಿಂದ ಅವರದು ತಾತ್ಕಾಲಿಕ ಕೆಲಸ. ಹೆಂಡತಿಯ ತಮ್ಮಂದಿರು ಅವರನ್ನು ಟೆಂಪರರಿ ಭಾವ ಎಂದೇ ಕರೆಯುತ್ತಿದ್ದರು. ಇವತ್ತು ಮೂರನೇ ಪೀರಿಯಡ್ಡಿಗೆ ಇಲಾಖೆಯ ಸಾಹೇಬರು ಪಾಠ ನೋಡಲು ಬರುವವರಿದ್ದರು. ಅವರು ಮೆಚ್ಚಿ ಬರೆದರೆ ಕೆಲಸ ಕಾಯಂ, ಇಲ್ಲವಾದರೆ ಮನೆ.

ಅಣುವನ್ನು ಮತ್ತೆ ಬಗ್ಗಿಸಲು ಹೋದರು. ಕಡ್ಡಿ ಮುರಿದು, ಜಲಜನಕವೊಂದು ಉರುಳಿ, ಒಳಗೆ ಬರುತ್ತಿದ್ದ ಹೆಡ್‌ಮಾಸ್ಟರ ಕಾಲಡಿಗೆ ಸಿಕ್ಕಿ ಚಪ್ಪಟೆಯಾಯಿತು. ಚೆಂಡು ಹೋದರೇನು, ನಲವತ್ತೈದು ಮಕ್ಕಳಿದ್ದಾರಲ್ಲ, ಅವರನ್ನೇ ಅಣು ಮಾಡಿ ಎಂದು ಹೆಡ್‌ಮಾಸ್ಟರು ಪುಕ್ಕಟೆ ಸಲಹೆ ಕೊಟ್ಟರು. ಬೇರೆ ದಾರಿಯಿರಲಿಲ್ಲ. ಎರಡನೇ ಪೀರಿಯಡ್ಡನ್ನೂ ತಾವೇ ಕೇಳಿ ಪಡೆದು ಮೇಷ್ಟ್ರು ತಾಲೀಮಿಗೆ ಇಳಿದರು.

ಮೂವರಿಗೊಂದು ಅಣು, ನಡುವಿನವನು ಕೈ ಸೊಟ್ಟಗೆ ಚಾಚಬೇಕು, ಅಕ್ಕಪಕ್ಕದವರು ಅದನ್ನು ಹಿಡಿಯಬೇಕು. ನೀರು ಸೊಗಸಾಗಿಯೇ ಆಯಿತು. ಒತ್ತೊತ್ತಾಗಿ ನಿಂತು ನೂಕಾಡುವುದನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಮಂಜುಗಡ್ಡೆ. ನೀರು ಹೆಪ್ಪುಗಟ್ಟಿದಾಗ ಅಣುಗಳು ದೂರ ಸರಿದು ನಡುವೆ ಖಾಲಿ ಬಿಡುತ್ತವೆ, ಅದಕ್ಕೇ ಫ್ರೀಜರಿನಲ್ಲಿಟ್ಟ ತುಂಬಿದ ಬಾಟಲಿ ಒಡೆಯುತ್ತದೆ ಎಂದು ವರ್ಷವರ್ಷವೂ ಪಾಠ ಹೇಳಿದ ಮನುಷ್ಯ ಕೋಣೆಯ ಅಳತೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಕೈ ಚಾಚಿ. ದೂರ ದೂರ ನಿಲ್ಲಿ. ಯಾರೂ ಅಲುಗಾಡಬಾರದು," ಎಂದು ಕೂಗಿದರು.

ಮಂಜುಗಡ್ಡೆ ಹಿಗ್ಗಿತು. ಬೆಂಚುಗಳು ಹಿಂದಿನ ಗೋಡೆಗೆ ಹೋಗಿ ಬಡಿದವು, ಕಪ್ಪುಹಲಗೆ ಮಗುಚಿತು. ಬೇಗ ಬಂದಿದ್ದ ಸಾಹೇಬರು ಒಬ್ಬರೇ ಬಾಗಿಲು ತೆರೆದು ಒಳಗೆ ಒಂದು ಹೆಜ್ಜೆ ಇಟ್ಟದ್ದೂ ಆಗಲೇ. ಬಾಗಿಲ ಬಳಿಯ ದಪ್ಪನೆಯ ಅಣುವೊಂದು ಅವರ ಹೊಟ್ಟೆಗೆ ಒತ್ತಿ, ಬಂದ ದಾರಿಯಲ್ಲೇ ಅವರನ್ನು ಹೊರಗೆ ಕಳಿಸಿತು. ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಕಿಟಕಿಯಲ್ಲಿ ಸಾಹೇಬರ ಮುಖ ಕಂಡಾಗ ಮೇಷ್ಟ್ರ ಒಂಬತ್ತು ವರ್ಷ ಕಣ್ಣೆದುರೇ ಕೊಚ್ಚಿಹೋಯಿತು. ಏನು ಮಾಡಲೂ ತೋಚದೆ ಕೈ ಚಾಚಿ, ಕೈ ಚಾಚಿ ಎಂದು ಗಂಟೆ ಹೊಡೆಯುವವರೆಗೂ ಕೂಗುತ್ತಲೇ ಇದ್ದರು.

ಮೂರನೇ ಪೀರಿಯಡ್ಡಿಗೆ ಸಾಹೇಬರು ಬರಲಿಲ್ಲ. ಭೇಟಿ ಪುಸ್ತಕದಲ್ಲಿ ಏನೋ ಬರೆದು ಹೊರಟುಹೋದರಂತೆ. ಮಧ್ಯಾಹ್ನ ಹೆಡ್‌ಮಾಸ್ಟರು ಕರೆಸಿದಾಗ, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಲೇ ಮೇಷ್ಟ್ರು ಒಳಗೆ ಹೋದರು.

"ನೀವು ಕಾಯಂ ಆದ್ರಿ ಮೇಷ್ಟ್ರೇ."

ಮೇಷ್ಟ್ರು ಕಣ್ಣೊರೆಸಿಕೊಂಡು ಪುಸ್ತಕ ಎಳೆದುಕೊಂಡರು. ಸಾಹೇಬರ ದುಂಡನೆಯ ಅಕ್ಷರಗಳಲ್ಲಿ ಹೀಗಿತ್ತು: "ಇಷ್ಟು ಇಕ್ಕಟ್ಟಿನ ಕೋಣೆಯಲ್ಲಿ ಇಂಥ ಹುರುಪಿನ ಕವಾಯತನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲ. ಖಾಲಿಯಿರುವ ವ್ಯಾಯಾಮ ಶಿಕ್ಷಕರ ಹುದ್ದೆಗೆ ಇವರನ್ನೇ ಕಾಯಂ ಮಾಡತಕ್ಕದ್ದು."

ಹತ್ತು ಮೆಟ್ಟಿಲು ಹತ್ತಿದರೆ ಮಂಡಿ ಹಿಡಿದುಕೊಳ್ಳುವ ಮೇಷ್ಟ್ರು ಕುರ್ಚಿಯ ಮೇಲೆ ಕುಸಿದರು. ಅದು ನೀರಿನ ಪಾಠ ಎಂದು ತೊದಲಿದರು.

"ಅದು ಪಾಠ ಅಂತ ಅವರಿಗೆ ಗೊತ್ತಾದ್ರೆ ಈ ಕೆಲಸಾನೂ ಹೋಗುತ್ತೆ," ಎಂದು ಹೆಡ್‌ಮಾಸ್ಟರು ಡ್ರಾಯರಿನಿಂದ ಸೀಟಿಯೊಂದನ್ನು ತೆಗೆದು ಮುಂದಿಟ್ಟರು. "ರಸಾಯನಕ್ಕೆ ಬೇರೆ ಯಾರಾದ್ರೂ ಟೆಂಪರರಿ ಹುಡುಕ್ತೀನಿ. ಎಲ್ಲಿ, ಊದಿ ನೋಡೋಣ."

ಮೇಷ್ಟ್ರು ಊದಿದರು. ಗಾಳಿ ಬಂತು, ಸದ್ದು ಬರಲಿಲ್ಲ.

"ಪರವಾಗಿಲ್ಲ ಬಿಡಿ," ಎಂದರು ಹೆಡ್‌ಮಾಸ್ಟರು. "ರಿಟೈರ್ ಆಗೋಕೆ ಇನ್ನೂ ಹತ್ತೊಂಬತ್ತು ವರ್ಷ ಇದೆ, ಕಲೀತೀರಿ."